ಗೋದಾಮು ಮಳಿಗೆಯ ಸದಸ್ಯತ್ವ ಗಿಟ್ಟುತ್ತದೆಯೇ? ಹಣ ಕಟ್ಟುವ ಮುನ್ನ ಹಾಕಬೇಕಾದ ಲೆಕ್ಕ

ಅಮೆರಿಕದಲ್ಲಿ ಕಾಸ್ಟ್‌ಕೊ, ಸ್ಯಾಮ್ಸ್ ಕ್ಲಬ್ ಮತ್ತು ಬಿಜೆಸ್ ಎಂಬ ಮೂರು ದೊಡ್ಡ ಗೋದಾಮು ಮಳಿಗೆ ಸರಣಿಗಳು, ಅಂದರೆ ಗೋದಾಮಿನಂತಹ ಕಟ್ಟಡದಲ್ಲಿ ದೊಡ್ಡ ದೊಡ್ಡ ಪೊಟ್ಟಣಗಳಲ್ಲಿ ಸಾಮಾನು ಮಾರುವ ಅಂಗಡಿಗಳು, ತಮ್ಮಲ್ಲಿ ಸಾಮಾನು ಕೊಳ್ಳುವ ಹಕ್ಕಿಗೇ ವರ್ಷಕ್ಕೊಮ್ಮೆ ಶುಲ್ಕ ತೆಗೆದುಕೊಳ್ಳುತ್ತವೆ. ಕಾಸ್ಟ್‌ಕೊ 2024ರ ಸೆಪ್ಟೆಂಬರ್ 1ರಿಂದ ತನ್ನ ಮೂಲ ಸದಸ್ಯತ್ವದ ಶುಲ್ಕವನ್ನು 60 ಡಾಲರ್‌ನಿಂದ 65ಕ್ಕೂ, ಮೇಲ್ದರ್ಜೆಯದನ್ನು 120ರಿಂದ 130ಕ್ಕೂ ಏರಿಸಿತು. ಸ್ಯಾಮ್ಸ್ ಕ್ಲಬ್ 2022ರ ಅಕ್ಟೋಬರ್‌ನಲ್ಲಿ 50 ಮತ್ತು 110 ಡಾಲರ್ ಎಂದು ನಿಗದಿ ಮಾಡಿತು. ಬಿಜೆಸ್ 2025ರ ಜನವರಿಯಲ್ಲಿ 60 ಮತ್ತು 120ಕ್ಕೆ ಬಂದಿತು. ಕೆಲವು ವರ್ಷಗಳಿಗೊಮ್ಮೆ ಈ ದರಗಳು ಏರುತ್ತಲೇ ಇರುತ್ತವೆಯಾದ್ದರಿಂದ, ಸೇರುವ ದಿನ ಚಾಲ್ತಿಯಲ್ಲಿರುವ ದರವನ್ನು ಕೇಳಿಕೊಂಡು ಕೆಳಗಿನ ಲೆಕ್ಕಗಳಲ್ಲಿ ಅದನ್ನೇ ಇಟ್ಟುಕೊಳ್ಳಬೇಕು. ದರ ಬದಲಾದರೂ ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಲೆಕ್ಕಕ್ಕೆ ಇಳಿಯುವ ಮುನ್ನ ಈ ವ್ಯಾಪಾರ ನಡೆಯುವ ಬಗೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಸಾಲ್ ಪ್ರೈಸ್ ಎಂಬ ವ್ಯಾಪಾರಿ 1976ರಲ್ಲಿ ಸ್ಯಾನ್ ಡಿಯಾಗೊ ನಗರದಲ್ಲಿ, ಹಿಂದೆ ವಿಮಾನಗಳನ್ನು ನಿಲ್ಲಿಸುತ್ತಿದ್ದ ಕಟ್ಟಡವೊಂದರಲ್ಲಿ ಪ್ರೈಸ್ ಕ್ಲಬ್ ತೆರೆದಾಗ ಅದು ಸಣ್ಣ ವ್ಯಾಪಾರಸ್ಥರಿಗಾಗಿ ಇದ್ದ ಸಗಟು ಮಳಿಗೆಯಾಗಿತ್ತು. 1983ರಲ್ಲಿ ಸಿಯಾಟಲ್‌ನಲ್ಲಿ ಕಾಸ್ಟ್‌ಕೊ, ಒಕ್ಲಹೋಮಾದ ಮಿಡ್‌ವೆಸ್ಟ್ ಸಿಟಿಯಲ್ಲಿ ಸ್ಯಾಮ್ಸ್ ಕ್ಲಬ್, ಮರುವರ್ಷ ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ನಲ್ಲಿ ಬಿಜೆಸ್ ಅದೇ ಮಾದರಿಯಲ್ಲಿ ಹುಟ್ಟಿಕೊಂಡವು. 1993ರಲ್ಲಿ ಪ್ರೈಸ್ ಕ್ಲಬ್ ಮತ್ತು ಕಾಸ್ಟ್‌ಕೊ ಒಂದಾದವು. ಇವುಗಳ ಲಾಭದ ಮೂಲ ಸಾಮಾನ್ಯ ಅಂಗಡಿಯ ಲಾಭದ ಮೂಲದಂತಲ್ಲ. ಕಾಸ್ಟ್‌ಕೊ 2024ರ ಹಣಕಾಸು ವರ್ಷದಲ್ಲಿ ಸದಸ್ಯತ್ವ ಶುಲ್ಕದಿಂದಲೇ ಸುಮಾರು 480 ಕೋಟಿ ಡಾಲರ್ ಗಳಿಸಿತು, ಆ ವರ್ಷ ಅದರ ಕಾರ್ಯಾಚರಣೆಯ ಲಾಭ ಸುಮಾರು 930 ಕೋಟಿ ಡಾಲರ್. ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರವನ್ನು ನೋಡಿದರೆ ಕ್ರೋಗರ್‌ನಂತಹ ದಿನಸಿ ಸರಣಿಗೆ ನೂರು ಡಾಲರ್ ಮಾರಾಟದಲ್ಲಿ ಸುಮಾರು 22 ಡಾಲರ್ ಉಳಿಯುತ್ತದೆ. ಕಾಸ್ಟ್‌ಕೊಗೆ ಉಳಿಯುವುದು ಸುಮಾರು 11 ಮಾತ್ರ.

ಆದ್ದರಿಂದ ಈ ಮಳಿಗೆಗಳಲ್ಲಿ ಬೆಲೆ ಕಡಿಮೆ ಎಂಬುದು ಬರಿಯ ಜಾಹೀರಾತಿನ ಮಾತಲ್ಲ. ಒಂದೊಂದು ವಸ್ತುವಿನ ಮೇಲೆ ಹೆಚ್ಚು ಲಾಭ ಇಟ್ಟುಕೊಳ್ಳುವುದಕ್ಕಿಂತ ಮುಂದಿನ ವರ್ಷವೂ ನೀವು ಶುಲ್ಕ ಕಟ್ಟುವಂತೆ ನೋಡಿಕೊಳ್ಳುವುದರಲ್ಲಿ ಅವರ ಹಿತವಿದೆ. ಹಾಗಿರುವಾಗ ಅಲ್ಲಿ ಅಗ್ಗವೇ ಎಂದು ಕೇಳುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ನಿಮ್ಮ ಮನೆಯವರು ಈಗಾಗಲೇ ಬಳಸುತ್ತಿರುವ ವಸ್ತುಗಳಲ್ಲಿ ಎಷ್ಟು ಅಲ್ಲಿ ಸಿಗುತ್ತವೆ, ಸಿಕ್ಕಿದ್ದರಲ್ಲಿ ಎಷ್ಟು ಕೆಡದೆ ಬಳಕೆಯಾಗುತ್ತದೆ ಎಂದು ಕೇಳಬೇಕು.

ಮೊದಲು ಹಳೆಯ ಬಿಲ್ಲುಗಳು

ಕಳೆದ ಎರಡು ತಿಂಗಳ ದಿನಸಿ ಮತ್ತು ಮನೆಬಳಕೆಯ ಬಿಲ್ಲುಗಳನ್ನು ಒಟ್ಟುಗೂಡಿಸಿ. ಕಾಗದದ ಬಿಲ್ಲು ಎತ್ತಿಡುವ ಅಭ್ಯಾಸವಿಲ್ಲದವರಿಗೆ ಅಂಗಡಿಯ ಆ್ಯಪ್‌ನಲ್ಲಿ ಹಿಂದಿನ ಖರೀದಿಗಳ ಪಟ್ಟಿ ಸಾಮಾನ್ಯವಾಗಿ ಸಿಗುತ್ತದೆ. ಅದರಲ್ಲಿ ಎರಡೂ ತಿಂಗಳು ಕಾಣಿಸಿಕೊಂಡ ವಸ್ತುಗಳಿಗೆ ಮಾತ್ರ ಗುರುತು ಹಾಕಿ: ಅಡುಗೆ ಎಣ್ಣೆ, ಹಾಲು, ಮೊಟ್ಟೆ, ಅಕ್ಕಿ, ಕಾಫಿ, ಬಟ್ಟೆ ಒಗೆಯುವ ಸೋಪು, ಪಾತ್ರೆ ತೊಳೆಯುವ ದ್ರಾವಣ, ಕಾಗದದ ಟವೆಲ್, ಟಾಯ್ಲೆಟ್ ಪೇಪರ್, ಮಗುವಿದ್ದರೆ ಡೈಪರ್, ನಾಯಿ ಬೆಕ್ಕುಗಳಿದ್ದರೆ ಅವುಗಳ ಆಹಾರ. ಒಮ್ಮೆ ಮಾತ್ರ ಕೊಂಡದ್ದನ್ನೂ ಹಬ್ಬಹರಿದಿನಕ್ಕೆ ತಂದದ್ದನ್ನೂ ಬಿಟ್ಟುಬಿಡಿ. ಹೀಗೆ ಉಳಿದ ಪಟ್ಟಿಯೇ ನಿಮ್ಮ ಲೆಕ್ಕದ ತಳಪಾಯ, ಇದಕ್ಕೆ ಹೊರತಾದ ಯಾವ ವಸ್ತುವಿನ ಅಗ್ಗದ ಬೆಲೆಯನ್ನೂ ಉಳಿತಾಯ ಎಂದು ಬರೆದುಕೊಳ್ಳಬಾರದು.

ಈ ಪಟ್ಟಿಯ ಎಲ್ಲ ವಸ್ತುಗಳೂ ಗೋದಾಮಿನಲ್ಲಿ ಸಿಗುವುದಿಲ್ಲ. ಸಾಮಾನ್ಯ ಸೂಪರ್‌ಮಾರ್ಕೆಟ್ ಹತ್ತಾರು ಸಾವಿರ ಬಗೆಯ ಸರಕು ಇಟ್ಟರೆ ಕಾಸ್ಟ್‌ಕೊ ಇಡುವುದು ಸುಮಾರು 4,000 ಬಗೆಯನ್ನು ಮಾತ್ರ. ಒಂದೇ ಬಗೆಯ ಸಾಸ್, ಒಂದೇ ಗಾತ್ರದ ಡಬ್ಬಿ, ಎರಡು ಮೂರು ಬ್ರಾಂಡ್‌ಗಿಂತ ಹೆಚ್ಚಿಲ್ಲದ ಸೋಪು. ಬೆಲೆ ತಗ್ಗುವುದಕ್ಕೆ ಈ ಕಡಿಮೆ ಆಯ್ಕೆಯೂ ಒಂದು ಕಾರಣವೇ. ಆದರೆ ಒಂದು ನಿರ್ದಿಷ್ಟ ಬ್ರಾಂಡ್ ಅಲ್ಲದೆ ಬೇರೆ ಆಗದು ಎನ್ನುವವರು ಮನೆಯಲ್ಲಿದ್ದರೆ ಪಟ್ಟಿಯಿಂದ ಆ ಸಾಲನ್ನು ಹೊಡೆದುಹಾಕುವುದೇ ಪ್ರಾಮಾಣಿಕ ಲೆಕ್ಕ.

ಬೆಲೆ ಹೋಲಿಸುವ ಬಗೆ

ಹೋಲಿಕೆ ಪೊಟ್ಟಣದ ಬೆಲೆಗಳ ನಡುವೆ ಆಗಬಾರದು, ಔನ್ಸ್, ಪೌಂಡ್ ಅಥವಾ ಎಣಿಕೆಗೆ ತಗಲುವ ಬೆಲೆಗಳ ನಡುವೆ ಆಗಬೇಕು. ಕಪಾಟಿನ ಚೀಟಿಯಲ್ಲಿ ಈ ಅಂಕಿ ಚಿಕ್ಕ ಅಕ್ಷರದಲ್ಲಿ ಇರುವುದುಂಟು, ಆದರೆ ಒಂದು ಅಂಗಡಿ ಔನ್ಸಿಗೆ ಬರೆದು ಇನ್ನೊಂದು ಪೌಂಡಿಗೆ ಬರೆದಿದ್ದರೆ ಫೋನಿನ ಕ್ಯಾಲ್ಕ್ಯುಲೇಟರ್‌ಗೆ ಕೆಲಸ ಬೀಳುತ್ತದೆ. 16 ಔನ್ಸಿಗೆ ಒಂದು ಪೌಂಡ್. ಟಾಯ್ಲೆಟ್ ಪೇಪರ್‌ನಲ್ಲಿ ಸುರುಳಿಗಳನ್ನು ಎಣಿಸಿದರೆ ಮೋಸಹೋಗುತ್ತೀರಿ, ಏಕೆಂದರೆ ಸುರುಳಿಯೊಂದರಲ್ಲಿರುವ ಹಾಳೆಗಳ ಸಂಖ್ಯೆ ಬ್ರಾಂಡಿನಿಂದ ಬ್ರಾಂಡಿಗೆ ಬದಲಾಗುತ್ತದೆ. ಒಟ್ಟು ಹಾಳೆಗಳಿಗೋ ಚದರಡಿಗೋ ಬೆಲೆ ಹಚ್ಚಬೇಕು. ಬಟ್ಟೆ ಸೋಪಿನಲ್ಲಿ ದ್ರವದ ಅಳತೆಗಿಂತ ಎಷ್ಟು ಬಾರಿ ಒಗೆಯಬಹುದು ಎಂಬ ಸಂಖ್ಯೆಯೇ ಮುಖ್ಯ.

ಯಾವ ಬೆಲೆಯ ಜೊತೆ ಹೋಲಿಸುತ್ತೀರಿ ಎಂಬುದು ಇನ್ನೂ ಮುಖ್ಯ. ಗೋದಾಮಿನ ಬೆಲೆಯನ್ನು ಸೂಪರ್‌ಮಾರ್ಕೆಟ್‌ನ ಹೆಸರಾಂತ ಬ್ರಾಂಡಿನ ಪೂರ್ಣ ಬೆಲೆಯ ಪಕ್ಕದಲ್ಲಿಟ್ಟರೆ ಉಳಿತಾಯ ಯಾವಾಗಲೂ ಭಾರಿಯಾಗಿಯೇ ಕಾಣುತ್ತದೆ. ನೀವು ಈಗ ನಿಜವಾಗಿ ಕೊಡುತ್ತಿರುವ ಬೆಲೆಯನ್ನೇ ಇಡಬೇಕು: ರಿಯಾಯಿತಿ ವಾರಕ್ಕೆ ಕಾದು ಕೊಳ್ಳುವವರಾದರೆ ಆ ರಿಯಾಯಿತಿ ಬೆಲೆ, ಅಂಗಡಿಯ ಸ್ವಂತ ಬ್ರಾಂಡ್ ಬಳಸುವವರಾದರೆ ಅದರ ಬೆಲೆ, ಆಲ್ಡಿಯಂತಹ ಅಗ್ಗದ ಮಳಿಗೆಗೆ ಹೋಗುವವರಾದರೆ ಅಲ್ಲಿನ ಬೆಲೆ. ಕೂಪನ್ ಜೋಡಿಸಿ ಕೊಳ್ಳುವುದರಲ್ಲಿ ಪಳಗಿದವರಿಗೆ ಇನ್ನೊಂದು ವಿಷಯ ತಿಳಿದಿರಲಿ. ತಯಾರಕರ ಕೂಪನ್‌ಗಳನ್ನು ಕಾಸ್ಟ್‌ಕೊ ಮತ್ತು ಸ್ಯಾಮ್ಸ್ ಕ್ಲಬ್ ಸ್ವೀಕರಿಸುವುದಿಲ್ಲ, ಬಿಜೆಸ್ ಸ್ವೀಕರಿಸುತ್ತದೆ.

ಸದಸ್ಯರಾಗದೆಯೇ ಬೆಲೆ ತಿಳಿಯುವ ಅತ್ಯುತ್ತಮ ದಾರಿ ಸದಸ್ಯರಾಗಿರುವ ಪರಿಚಿತರ ಜೊತೆ ಒಮ್ಮೆ ಹೋಗಿ, ಪಟ್ಟಿ ಹಿಡಿದು, ಕಪಾಟಿನ ಚೀಟಿಗಳ ಫೋಟೊ ತೆಗೆದುಕೊಂಡು ಬರುವುದು. ಕಾಸ್ಟ್‌ಕೊದಲ್ಲಿ ಸದಸ್ಯರೊಬ್ಬರು ಇಬ್ಬರು ಅತಿಥಿಗಳನ್ನು ಕರೆತರಬಹುದು, ಹಣ ಕೊಡುವುದು ಮಾತ್ರ ಸದಸ್ಯರೇ ಆಗಿರಬೇಕು. ಆನ್‌ಲೈನ್ ಬೆಲೆಯನ್ನು ನಂಬಿ ಲೆಕ್ಕ ಹಾಕಿದರೆ ಉಳಿತಾಯ ಕಡಿಮೆಯಾಗಿ ಕಾಣಬಹುದು, ಏಕೆಂದರೆ ಮನೆಗೆ ತಲುಪಿಸುವ ವೆಚ್ಚವನ್ನು ಅಲ್ಲಿ ಹಲವು ವಸ್ತುಗಳ ಬೆಲೆಯೊಳಗೇ ಸೇರಿಸಿರುತ್ತಾರೆ.

ಶುಲ್ಕದಿಂದ ಹಿಂದಕ್ಕೆ ಎಣಿಸುವುದು

ಪಟ್ಟಿಯ ವಸ್ತುಗಳ ಮೇಲೆ ಸರಾಸರಿ ಎಷ್ಟು ಶೇಕಡಾ ಉಳಿಯುತ್ತದೆ ಎಂಬುದು ಸಿಕ್ಕ ಮೇಲೆ ಶುಲ್ಕವನ್ನು ಅದರಿಂದ ಭಾಗಿಸಿ. ಶೇ 20 ಉಳಿತಾಯವಾದರೆ, 65 ಡಾಲರ್ ಶುಲ್ಕ ವಾಪಸು ಬರಲು ನಿಮ್ಮ ಈಗಿನ ಅಂಗಡಿಯಲ್ಲಿ ವರ್ಷಕ್ಕೆ 325 ಡಾಲರ್, ಅಂದರೆ ತಿಂಗಳಿಗೆ ಸುಮಾರು 27 ಡಾಲರ್ ಬೆಲೆಯ ಖರೀದಿ ಅತ್ತ ತಿರುಗಿದರೆ ಸಾಕು. ಉಳಿತಾಯ ಶೇ 10 ಮಾತ್ರವಾದರೆ ತಿಂಗಳಿಗೆ ಸುಮಾರು 54 ಡಾಲರ್. ಈ ಅಂಕಿಗಳು ಬಹಳ ಚಿಕ್ಕವು. ಶುಲ್ಕವನ್ನು ಕಂಡು ಹಿಂಜರಿಯುವವರು ತಪ್ಪು ವೆಚ್ಚಕ್ಕೆ ಹೆದರುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ. ಸಾಮಾನ್ಯ ಸಂಸಾರಕ್ಕೆ 65 ಡಾಲರ್ ದುಡಿಯುವುದು ಈ ಕಾರ್ಡಿಗೆ ಕಷ್ಟದ ಕೆಲಸವಲ್ಲ. ದುಡಿದದ್ದು ಮನೆಯಲ್ಲಿ ನಿಲ್ಲುತ್ತದೆಯೇ ಎಂಬುದೇ ಕಷ್ಟದ ಪ್ರಶ್ನೆ.

ಒಂದು ಕಲ್ಪಿತ ಸಂಸಾರವನ್ನು ತೆಗೆದುಕೊಳ್ಳೋಣ. ಪಟ್ಟಿಯ ವಸ್ತುಗಳಿಗೆ ಈಗಿನ ಅಂಗಡಿಯಲ್ಲಿ ತಿಂಗಳಿಗೆ 170 ಡಾಲರ್ ಖರ್ಚಾಗುತ್ತಿದ್ದು, ಅಷ್ಟೇ ಪ್ರಮಾಣಕ್ಕೆ ಗೋದಾಮಿನಲ್ಲಿ 143 ಡಾಲರ್ ಬೀಳುತ್ತದೆ ಎಂದಿಟ್ಟುಕೊಂಡರೆ ತಿಂಗಳಿಗೆ 27, ವರ್ಷಕ್ಕೆ 324 ಡಾಲರ್ ಉಳಿಯಿತು. ಶುಲ್ಕ ಕಳೆದರೆ 259. ಇಲ್ಲಿಗೆ ನಿಲ್ಲಿಸಿದರೆ ತೀರ್ಮಾನ ಸುಲಭ. ಆದರೆ ತಂದ ಸರಕಿನ ಹತ್ತರಲ್ಲಿ ಒಂದು ಪಾಲು ಹಾಳಾಗಿ ಕಸದ ಬುಟ್ಟಿ ಸೇರಿದರೆ ತಿಂಗಳಿಗೆ 14 ಡಾಲರ್ ಮೇಲೆ, ವರ್ಷಕ್ಕೆ ಸುಮಾರು 172 ಡಾಲರ್ ಹೋಯಿತು, ಉಳಿದದ್ದು 87. ಪ್ರತಿ ತಿಂಗಳ ಭೇಟಿಯಲ್ಲಿ ಪಟ್ಟಿಯಲ್ಲಿಲ್ಲದ, ಇಲ್ಲದಿದ್ದರೂ ನಡೆಯುತ್ತಿದ್ದ ಒಂದು ವಸ್ತು 10 ಡಾಲರ್‌ಗೆ ಗಾಡಿ ಹತ್ತಿದರೆ ವರ್ಷಕ್ಕೆ 120. ಅಲ್ಲಿಗೆ ಲೆಕ್ಕ ನಷ್ಟಕ್ಕೆ ಇಳಿಯಿತು, ಶುಲ್ಕ ಅದರಲ್ಲಿ ಸಣ್ಣ ಪಾಲು.

ಹಾಳಾಗುವುದು ಮತ್ತು ಹೆಚ್ಚು ಬಳಸುವುದು

ಹಾಳಾಗುವ ಸರಕನ್ನು ಅಂದಾಜು ಮಾಡುವಾಗ ವಸ್ತುಗಳನ್ನು ಮೂರು ಬಗೆಯಾಗಿ ನೋಡಿ. ಕಾಗದ, ಸೋಪು, ಕಸದ ಚೀಲ, ಬ್ಯಾಟರಿ ಮೊದಲಾದವು ವರ್ಷವಿಟ್ಟರೂ ಕೆಡುವುದಿಲ್ಲ. ಇವುಗಳಿಗೆ ಬೇಕಾದದ್ದು ಜಾಗ ಮಾತ್ರ. ಎಣ್ಣೆ, ಬಾದಾಮಿ ಗೋಡಂಬಿಗಳಂತಹ ಬೀಜಗಳು, ಹಿಟ್ಟು, ಮಸಾಲೆ ಪುಡಿ ಎರಡನೆಯ ಬಗೆ. ಇವು ಕೊಳೆಯದಿದ್ದರೂ ತೆರೆದ ಮೇಲೆ ಗಾಳಿ, ಬೆಳಕು, ಬಿಸಿಗೆ ಕಮಟು ಹಿಡಿಯುತ್ತವೆ ಅಥವಾ ಘಮ ಕಳೆದುಕೊಳ್ಳುತ್ತವೆ. ಬೀಜಗಳನ್ನು ಫ್ರೀಜರ್‌ನಲ್ಲಿಟ್ಟರೆ ಬಹುಕಾಲ ಬಾಳುತ್ತವೆ, ಮಸಾಲೆ ಪುಡಿಯ ದೊಡ್ಡ ಡಬ್ಬಿ ಮಾತ್ರ ಹೋಟೆಲು ನಡೆಸುವವರಿಗಲ್ಲದೆ ಬೇರೆಯವರಿಗೆ ಸಲ್ಲದು ಎನ್ನಬೇಕು. ಮೂರನೆಯದು ಸೊಪ್ಪು, ಹಣ್ಣು, ಹಾಲು, ಬ್ರೆಡ್ಡು. ಇಲ್ಲಿ ವಾರಕ್ಕೆ ನಿಮ್ಮ ಮನೆಯಲ್ಲಿ ಎಷ್ಟು ಮುಗಿಯುತ್ತದೆ ಎಂಬುದನ್ನು ಆಸೆಯಿಂದಲ್ಲ, ಹಳೆಯ ಬಿಲ್ಲಿನಿಂದ ತಿಳಿಯಬೇಕು. ಎರಡು ಪೌಂಡ್ ಸೊಪ್ಪಿನ ಡಬ್ಬಿ ಪೌಂಡಿನ ಲೆಕ್ಕದಲ್ಲಿ ಅರ್ಧ ಬೆಲೆಗೆ ಸಿಕ್ಕಿ, ಅರ್ಧ ಕೊಳೆತುಹೋದರೆ ನೀವು ಏನನ್ನೂ ಉಳಿಸಲಿಲ್ಲ.

ಇದಕ್ಕಿಂತ ಕಣ್ಣಿಗೆ ಕಡಿಮೆ ಬೀಳುವ ಇನ್ನೊಂದು ಸೋರಿಕೆಯಿದೆ. ಮನೆಯಲ್ಲಿ ರಾಶಿ ಇದ್ದಾಗ ಕೈ ಧಾರಾಳವಾಗುತ್ತದೆ. ತಿಂಡಿಯ ದೊಡ್ಡ ಚೀಲ ಚಿಕ್ಕ ಚೀಲಕ್ಕಿಂತ ಬೇಗ ಖಾಲಿಯಾಗುವುದನ್ನೂ ಕಾಗದದ ಟವೆಲಿನ ಕಟ್ಟು ಎದುರಿಗಿದ್ದಾಗ ಬಟ್ಟೆಯ ಒರೆಸು ಮರೆತುಹೋಗುವುದನ್ನೂ ಯಾರ ಮನೆಯಲ್ಲಾದರೂ ನೋಡಬಹುದು. ಹೀಗಾಗಿ ಮೊದಲ ಕೆಲವು ತಿಂಗಳು ಪೊಟ್ಟಣ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟು, ಹಿಂದಿನ ವೇಗದಲ್ಲೇ ಮುಗಿಯುತ್ತಿದೆಯೇ ಎಂದು ಗಮನಿಸುವುದು ಉಪಯುಕ್ತ. ನೆರೆಯವರೋ ನೆಂಟರೋ ಜೊತೆಯಾಗಿ ತಂದು ಹಂಚಿಕೊಳ್ಳುವ ಪದ್ಧತಿ ಇಟ್ಟುಕೊಂಡರೆ ಈ ಎರಡೂ ಸೋರಿಕೆಗಳು ತಗ್ಗುತ್ತವೆ. ಒಂದೇ ವಿಳಾಸದಲ್ಲಿರುವ ಇನ್ನೊಬ್ಬರಿಗೆ ಈ ಮಳಿಗೆಗಳು ಹೆಚ್ಚುವರಿ ಶುಲ್ಕವಿಲ್ಲದೆ ಎರಡನೆಯ ಕಾರ್ಡ್ ಕೊಡುತ್ತವೆ. ಕಾರ್ಡನ್ನು ಬೇರೆ ಮನೆಯವರಿಗೆ ಎರವಲು ಕೊಡುವುದಕ್ಕೆ ಮಾತ್ರ ಅವಕಾಶವಿಲ್ಲ, ಕಾಸ್ಟ್‌ಕೊ 2024ರಿಂದ ಬಾಗಿಲಲ್ಲೇ ಕಾರ್ಡ್ ಸ್ಕ್ಯಾನ್ ಮಾಡುವ ಯಂತ್ರಗಳನ್ನು ಇಡುತ್ತಾ ಬಂದಿದೆ.

ಪಟ್ಟಿಯಲ್ಲಿಲ್ಲದ ಖರೀದಿ ಆಕಸ್ಮಿಕವಲ್ಲ, ಮಳಿಗೆಯ ವಿನ್ಯಾಸವೇ ಅದನ್ನು ಬಯಸುತ್ತದೆ. 4.99 ಡಾಲರ್‌ನ ಸುಟ್ಟ ಕೋಳಿಯನ್ನು ಕಾಸ್ಟ್‌ಕೊ ಬೆಲೆ ಏರಿಸದೆ ವರ್ಷಗಟ್ಟಲೆ ಮಾರುತ್ತಾ ಬಂದಿದೆ ಮತ್ತು ಅದನ್ನು ಮಳಿಗೆಯ ಹಿಂಭಾಗದಲ್ಲಿ ಇಡುತ್ತದೆ. ಅಲ್ಲಿಗೆ ತಲುಪುವ ಹಾದಿಯಲ್ಲಿ ಟಿವಿ, ಬಟ್ಟೆ, ಪೀಠೋಪಕರಣ ಎಲ್ಲ ಎದುರಾಗುತ್ತವೆ. ಇವತ್ತು ಕಂಡ ವಸ್ತು ಮುಂದಿನ ವಾರ ಇಲ್ಲದಿರುವುದೂ ಈ ವ್ಯಾಪಾರದ ಕ್ರಮವೇ, ಈಗಲೇ ಕೊಳ್ಳಬೇಕೆಂಬ ತವಕ ಹುಟ್ಟುವುದು ಅದರಿಂದ. ಸಂಕಲ್ಪಶಕ್ತಿಯನ್ನು ನಂಬುವುದಕ್ಕಿಂತ ಭೇಟಿಗಳನ್ನೇ ಕಡಿಮೆ ಮಾಡುವುದು ಫಲ ಕೊಡುತ್ತದೆ.

ದೂರ ಮತ್ತು ಪೆಟ್ರೋಲ್

ಮಳಿಗೆ ದಿನನಿತ್ಯದ ಹಾದಿಯಲ್ಲೇ ಇದ್ದರೆ ಈ ಭಾಗವನ್ನು ಬಿಡಬಹುದು. ಹೋಗಿಬರಲು 20 ಮೈಲಿ ಹೆಚ್ಚಾಗುವುದಾದರೆ, ಗ್ಯಾಲನ್ನಿಗೆ 25 ಮೈಲಿ ಓಡುವ ಕಾರಿಗೆ ಮುಕ್ಕಾಲು ಗ್ಯಾಲನ್ನಿಗಿಂತ ತುಸು ಹೆಚ್ಚು ಇಂಧನ ಬೇಕು. ಅಮೆರಿಕದ ತೆರಿಗೆ ಇಲಾಖೆ 2025ರಲ್ಲಿ ವ್ಯವಹಾರದ ಪ್ರಯಾಣಕ್ಕೆ ಮೈಲಿಗೆ 70 ಸೆಂಟ್ ಎಂದು ಗೊತ್ತುಮಾಡಿತ್ತು. ಇಂಧನ, ಸವಕಳಿ, ವಿಮೆ ಎಲ್ಲ ಸೇರಿದ ಆ ದರದಲ್ಲಿ ಇದೇ ಪ್ರಯಾಣಕ್ಕೆ 14 ಡಾಲರ್. ವಿಮೆಯನ್ನು ಹೇಗೂ ಕಟ್ಟುತ್ತಿರುತ್ತೀರಿ, ಆದ್ದರಿಂದ ನಿಜವಾದ ವೆಚ್ಚ ಇವೆರಡರ ನಡುವೆ ಎಲ್ಲೋ ಇರುತ್ತದೆ. ತಿಂಗಳಿಗೊಮ್ಮೆ ಹೋದರೆ ತೂಗಿಸಬಹುದು, ವಾರಕ್ಕೊಮ್ಮೆ ಹೋದರೆ ಉಳಿತಾಯವನ್ನು ರಸ್ತೆಯೇ ತಿನ್ನುತ್ತದೆ.

ಇನ್ನೊಂದು ಕಡೆ, ಈ ಮಳಿಗೆಗಳ ಪೆಟ್ರೋಲ್ ಬಂಕುಗಳಲ್ಲಿ ಸುತ್ತಮುತ್ತಲಿನ ಬಂಕುಗಳಿಗಿಂತ ದರ ಸಾಮಾನ್ಯವಾಗಿ ಕಡಿಮೆ. ತಿಂಗಳಿಗೆ 30 ಗ್ಯಾಲನ್ ಬಳಸುವವರಿಗೆ ಗ್ಯಾಲನ್ನಿಗೆ 20 ಸೆಂಟ್ ಉಳಿದರೆ ವರ್ಷಕ್ಕೆ 72 ಡಾಲರ್ ಆಗುತ್ತದೆ, ಮೂಲ ಶುಲ್ಕ ಅದರಲ್ಲೇ ತೀರಿತು. ಆದರೆ ಅಲ್ಲಿನ ಸರತಿ ಸಾಲನ್ನು ಮರೆಯಬಾರದು. 12 ಗ್ಯಾಲನ್ ತುಂಬಿಸಿ 2 ಡಾಲರ್ 40 ಸೆಂಟ್ ಉಳಿಸಲು ಅರ್ಧ ಗಂಟೆ ಕಾಯುವುದು ಬಹುಪಾಲು ಜನರಿಗೆ ಗಿಟ್ಟುವ ವ್ಯವಹಾರವಲ್ಲ; ಬೆಳಿಗ್ಗೆ ಬೇಗ ಅಥವಾ ರಾತ್ರಿ ಬಂಕು ಮುಚ್ಚುವ ಮುನ್ನ ಹೋಗಲು ಸಾಧ್ಯವಿದ್ದವರಿಗೆ ಮಾತು ಬೇರೆ.

ಮೇಲ್ದರ್ಜೆಯ ಕಾರ್ಡ್

ಕೌಂಟರಿನಲ್ಲಿ ಹೆಚ್ಚು ಒತ್ತಾಯ ಬರುವುದು ಈ ವಿಷಯದಲ್ಲಿ. ಲೆಕ್ಕ ಮಾತ್ರ ಸರಳವಾಗಿದೆ. ಕಾಸ್ಟ್‌ಕೊದ ಎಕ್ಸಿಕ್ಯುಟಿವ್ ಸದಸ್ಯತ್ವ ಖರೀದಿಯ ಶೇ 2ರಷ್ಟನ್ನು ವರ್ಷಕ್ಕೊಮ್ಮೆ, 1,250 ಡಾಲರ್ ಮಿತಿಯೊಳಗೆ, ಹಿಂದಿರುಗಿಸುತ್ತದೆ. ಹೆಚ್ಚುವರಿ 65 ಡಾಲರ್ ವಾಪಸು ಬರಬೇಕಾದರೆ ವರ್ಷಕ್ಕೆ 3,250 ಡಾಲರ್, ತಿಂಗಳಿಗೆ ಸುಮಾರು 271 ಡಾಲರ್ ಖರೀದಿ ಆಗಬೇಕು. ಪೆಟ್ರೋಲ್, ತಂಬಾಕು, ಫುಡ್ ಕೋರ್ಟಿನ ಊಟ ಇದಕ್ಕೆ ಸೇರುವುದಿಲ್ಲ. ಸ್ಯಾಮ್ಸ್ ಮತ್ತು ಬಿಜೆಸ್‌ಗಳ ಮೇಲೆ ಹೇಳಿದ ದರಗಳಲ್ಲಿ ಎರಡು ದರ್ಜೆಗಳ ನಡುವಣ ಅಂತರ 60 ಡಾಲರ್. ಅಲ್ಲಿಯೂ ಶೇ 2ರ ಲೆಕ್ಕದಲ್ಲಿ ಗಡಿ 3,000 ಡಾಲರ್.

ಮೊದಲ ವರ್ಷ ಮೂಲ ಸದಸ್ಯತ್ವವನ್ನೇ ತೆಗೆದುಕೊಂಡು, ವರ್ಷದ ಒಟ್ಟು ಖರೀದಿಯನ್ನು ನೋಡಿ ಮೇಲ್ದರ್ಜೆಗೆ ಹೋಗುವುದು ವಿವೇಕದ ಕ್ರಮ. ಮುಂಚೆಯೇ ಹೆಚ್ಚಿನ ಹಣ ಕಟ್ಟಿದವರು ಅದನ್ನು ವಸೂಲು ಮಾಡಬೇಕೆಂಬ ಭಾವನೆಯಿಂದಲೇ ಹೆಚ್ಚು ಕೊಳ್ಳುವ ಅಪಾಯವಿದೆ, ಮತ್ತು ಶೇ 2 ಪಡೆಯಲು ಶೇ 98 ಖರ್ಚು ಮಾಡುವುದರಲ್ಲಿ ಲಾಭವೇನೂ ಇಲ್ಲ. 2025ರ ಜೂನ್ ಕೊನೆಯಿಂದ ಕಾಸ್ಟ್‌ಕೊ ಎಕ್ಸಿಕ್ಯುಟಿವ್ ಸದಸ್ಯರಿಗೆ ಬೇರೆಯವರಿಗಿಂತ ಮುಂಚೆ ಬಾಗಿಲು ತೆರೆಯುತ್ತಿದೆ. ಗದ್ದಲ ಸಹಿಸದವರಿಗೆ ಆ ಸೌಕರ್ಯಕ್ಕೆ ಬೆಲೆಯಿದ್ದೀತು, ಆದರೆ ಅದನ್ನು ಉಳಿತಾಯದ ಖಾತೆಯಲ್ಲಿ ಬರೆಯಬೇಡಿ.

ಟೈರ್, ಕನ್ನಡಕ, ಶ್ರವಣ ಸಾಧನ, ಟಿವಿಯಂತಹ ದೊಡ್ಡ ಖರೀದಿ ಈ ವರ್ಷವೇ ಖಚಿತವಾಗಿದ್ದರೆ ಒಂದೇ ವ್ಯವಹಾರದಲ್ಲಿ ಶುಲ್ಕ ಹುಟ್ಟಬಹುದು. ಕಾಸ್ಟ್‌ಕೊ ಟಿವಿ ಮತ್ತು ಕಂಪ್ಯೂಟರ್‌ಗಳ ವಾರಂಟಿಯನ್ನು ಎರಡು ವರ್ಷಕ್ಕೆ ವಿಸ್ತರಿಸುತ್ತದೆ, ಅವುಗಳನ್ನು ಹಿಂದಿರುಗಿಸಲು 90 ದಿನ ಕೊಡುತ್ತದೆ. ಆದರೆ ಇಂತಹ ಖರೀದಿ ಪ್ರತಿ ವರ್ಷ ಬರುವುದಿಲ್ಲ, ಎರಡನೆಯ ವರ್ಷದ ಶುಲ್ಕವನ್ನು ದಿನಸಿಯೇ ಹೊರಬೇಕು.

ಕೆಲವು ಸೇವೆಗಳಿಗೆ ಸದಸ್ಯತ್ವವೇ ಬೇಕಾಗಿಲ್ಲ. ವೈದ್ಯರು ಬರೆದುಕೊಟ್ಟ ಔಷಧಿಯನ್ನು ಕಾಸ್ಟ್‌ಕೊ ಮತ್ತು ಸ್ಯಾಮ್ಸ್ ಔಷಧಾಲಯಗಳಲ್ಲಿ ಯಾರು ಬೇಕಾದರೂ ಕೊಳ್ಳಬಹುದು, ಕಣ್ಣಿನ ತಪಾಸಣೆಯನ್ನೂ ಮಾಡಿಸಿಕೊಳ್ಳಬಹುದು. ಕೆಲವು ರಾಜ್ಯಗಳಲ್ಲಿ ಮದ್ಯದ ಖರೀದಿಗೂ ಕಾರ್ಡ್ ಕೇಳುವಂತಿಲ್ಲ. ಕೇವಲ ಔಷಧಿಗಾಗಿ ಸೇರಲು ಯೋಚಿಸುತ್ತಿದ್ದವರು ಮೊದಲು ಔಷಧಾಲಯದ ಕಿಟಕಿಯಲ್ಲಿ ದರ ವಿಚಾರಿಸಲಿ. ಇನ್ನು ಹಣ ಕೊಡುವ ವಿಷಯದಲ್ಲಿ, ಅಮೆರಿಕದ ಕಾಸ್ಟ್‌ಕೊ ಮಳಿಗೆಗಳು 2016ರಿಂದ ಕ್ರೆಡಿಟ್ ಕಾರ್ಡ್‌ಗಳಲ್ಲಿ ವೀಸಾವನ್ನು ಮಾತ್ರ ಸ್ವೀಕರಿಸುತ್ತವೆ. ದಿನಸಿಗೆ ಹೆಚ್ಚು ಕ್ಯಾಷ್‌ಬ್ಯಾಕ್ ಕೊಡುವ ಬೇರೆ ಕಾರ್ಡ್ ಬಳಸುತ್ತಿರುವವರು ಕಳೆದುಕೊಳ್ಳುವ ಆ ಮೊತ್ತವನ್ನೂ ಲೆಕ್ಕದಲ್ಲಿ ಕಳೆಯಬೇಕು. ವೀಸಾ ಕಾರ್ಡ್‌ನವರಿಗೂ ಇದು ಅನ್ವಯಿಸಬಹುದು, ಏಕೆಂದರೆ ಅನೇಕ ಕಾರ್ಡ್ ಕಂಪನಿಗಳು ಗೋದಾಮು ಮಳಿಗೆಯನ್ನು ದಿನಸಿ ಅಂಗಡಿಯೆಂದು ಪರಿಗಣಿಸುವುದಿಲ್ಲ.

ಇಷ್ಟಾದ ಮೇಲೂ ಅಂಕಿಗಳು ಸ್ಪಷ್ಟ ಉತ್ತರ ಕೊಡದಿದ್ದರೆ ಸೇರಿ ನೋಡುವುದರಲ್ಲಿ ಅಪಾಯ ಕಡಿಮೆ. ಸದಸ್ಯತ್ವ ತೃಪ್ತಿ ತರಲಿಲ್ಲವೆಂದು ಹೇಳಿದರೆ ಕಾಸ್ಟ್‌ಕೊ ಶುಲ್ಕವನ್ನು ಪೂರ್ತಿ ಹಿಂದಿರುಗಿಸುತ್ತದೆ, ಸ್ಯಾಮ್ಸ್ ಕ್ಲಬ್‌ಗೂ ಇಂತಹದೇ ಭರವಸೆಯಿದೆ. ಸೇರುವಾಗ ಸ್ವಯಂಚಾಲಿತ ನವೀಕರಣಕ್ಕೆ ಒಪ್ಪಿಗೆ ಕೊಟ್ಟಿದ್ದೀರೋ ಇಲ್ಲವೋ ನೋಡಿಕೊಂಡು, ಅವಧಿ ಮುಗಿಯುವ ಒಂದು ತಿಂಗಳ ಮುಂಚಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಆ ದಿನ ವರ್ಷದ ಬಿಲ್ಲುಗಳನ್ನು ಮೊದಲಿನ ಪಟ್ಟಿಯ ಜೊತೆ ಇಟ್ಟು ನೋಡಿದರೆ ಎಷ್ಟು ಪಾಲು ಪಟ್ಟಿಯೊಳಗಿನದು, ಎಷ್ಟು ಹೊರಗಿನದು ಎಂದು ತಿಳಿಯುತ್ತದೆ. ಮುಂದುವರಿಸುವ ಬಗ್ಗೆ ಆಗಲೂ ಅನುಮಾನವಿದ್ದರೆ ಅವಧಿ ಮುಗಿಯಲು ಬಿಡಬಹುದು. ಕಾಸ್ಟ್‌ಕೊದಲ್ಲಿ ಅವಧಿ ಮುಗಿದು ಎರಡು ತಿಂಗಳೊಳಗೆ ನವೀಕರಿಸಿದರೆ ಹೊಸ ವರ್ಷವನ್ನು ಹಳೆಯ ದಿನಾಂಕದಿಂದಲೇ ಎಣಿಸುತ್ತಾರೆ, ಎರಡು ತಿಂಗಳು ದಾಟಿದ ಮೇಲೆ ನವೀಕರಿಸಿದರೆ ಹಣ ಕಟ್ಟಿದ ದಿನದಿಂದ ಪೂರ್ತಿ ಹನ್ನೆರಡು ತಿಂಗಳು ಸಿಗುತ್ತದೆ.